ನಿಂತಲ್ಲೇ ಇಳಿದ ಮೈಲೇಜು

ಭಟ್ಕಳದಿಂದ ಕುಮಟಾದವರೆಗೆ ನನ್ನ ಹೆಸರು ಯಾರಿಗೂ ಬೇಕಾಗಿರಲಿಲ್ಲ. ಎಲ್ಲರಿಗೂ ನಾನು ‘ಮೈಲೇಜ್ ನಾಯ್ಕರು’. ಹೊನ್ನಾವರದ ಕಾರ್ ಸರ್ವಿಸ್ ಸೆಂಟರಿಗೆ ಯಾರೇ ಬಂದು ಗಾಡಿ ಪೆಟ್ರೋಲು ಕುಡಿಯುತ್ತದೆ ಎಂದು ಕೂಗಾಡಿದರೂ ಅವರನ್ನು ನನ್ನ ಮೇಜಿನ ಕಡೆ ಕಳಿಸಿಬಿಡುತ್ತಿದ್ದರು. ಹೆಣ್ಣು ನೋಡಲು ಹೋದವರು ಹುಡುಗಿಯ ಬಗ್ಗೆ ಕೇಳುವಷ್ಟು ಪ್ರಶ್ನೆಗಳನ್ನು ನಮ್ಮ ಕಡೆಯ ಜನ ಮೈಲೇಜಿನ ಬಗ್ಗೆ ಕೇಳುತ್ತಾರೆ. ಅವರಿಗೆಲ್ಲ ಉತ್ತರ ಕೊಡುವುದೇ ನನ್ನ ಉದ್ಯೋಗವಾಗಿತ್ತು.

ಈಗ ನಿವೃತ್ತಿಯಾಗಿದೆ. ಈ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ನಾಲ್ಕು ಮಾತು ಬರೆಯಿರಿ ಎಂದು ಹಳೆಯ ಸಹೋದ್ಯೋಗಿಗಳು ಕೇಳಿದ್ದರಿಂದ ಕೂತಿದ್ದೇನೆ. ಪ್ರಮೋಷನ್ನು, ಶಾಲು ಹೊದಿಸಿದ್ದು ಇದರಲ್ಲಿ ಇಲ್ಲ. ಸಿಕ್ಕ ಪ್ರಮೋಷನ್ ಒಂದೇ, ಅದೂ ನನಗಿಂತ ಹಿರಿಯರೊಬ್ಬರು ಕೆಲಸ ಬಿಟ್ಟು ಹೋದದ್ದರಿಂದ. ಇದರಲ್ಲಿರುವುದು ನಾನು ಮಾಡಿದ ತಪ್ಪುಗಳು. ಅದರಲ್ಲೂ ಒಂದು ತಪ್ಪು ಒಬ್ಬ ಮುದುಕಿಯ ಪ್ರಾಣ ತೆಗೆಯುವುದರಲ್ಲಿತ್ತು.

ಮೊದಲು ಕೆಲಸದ ಕ್ರಮ ಹೇಳುತ್ತೇನೆ. ಮಾಲೀಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಪೆಟ್ರೋಲ್ ಬಂಕಿಗೆ ಹೋಗಿ ಟ್ಯಾಂಕನ್ನು ಕಂಠದವರೆಗೆ ತುಂಬಿಸುವುದು. ಶರಾವತಿ ದಂಡೆಯ ರಸ್ತೆ ಹಿಡಿದು ಗೇರುಸೊಪ್ಪೆಗೆ ಹೋಗಿ ಬರುವುದು. ಅದೇ ಬಂಕಿನಲ್ಲಿ, ಅದೇ ಪೈಪಿನಿಂದ ಮತ್ತೆ ಕಂಠದವರೆಗೆ ತುಂಬಿಸುವುದು. ಎಷ್ಟು ಹಿಡಿಯಿತೋ ಅಷ್ಟನ್ನು ಗಾಡಿ ಕುಡಿದಿದೆ. ಇದರಲ್ಲಿ ಸುಳ್ಳಿಗೆ ಜಾಗವಿಲ್ಲ. ನಾನು ಓಡಿಸಿದಾಗ ಮೈಲೇಜು ಸರಿ ಬಂದರೆ ಜಾಬ್ ಕಾರ್ಡಿನ ಕೊನೆಯ ಸಾಲಿನಲ್ಲಿ ‘ಕಾರಣ: ಚಾಲಕರ ಅಭ್ಯಾಸ’ ಎಂದು ಬರೆಯುವುದು. ಹಾಗೆಂದರೆ ದೋಷ ಗಾಡಿಯದ್ದಲ್ಲ, ನಿಮ್ಮ ಕಾಲಿನದ್ದು ಎಂದರ್ಥ. ಈ ಸಾಲನ್ನು ನನಗೆ ಕಲಿಸಿದವರು ನಮ್ಮ ಮ್ಯಾನೇಜರು. "ನಾಯ್ಕ, ಇಷ್ಟು ಬರ್ದರೆ ಯಾವನೂ ಎದುರು ಮಾತಾಡೂದಿಲ್ಲ" ಎಂದಿದ್ದರು. ಅದು ನಿಜವೇ ಆಗಿತ್ತು. ಸಾವಿರ ಸಲ ಬರೆದಿದ್ದೇನೋ ಏನೋ.

ನನ್ನದೇ ಆದ ಇನ್ನೊಂದು ಕ್ರಮವೂ ಇತ್ತು. ನಾನು ಕುಳ್ಳ. ಬೇರೆಯವರ ಗಾಡಿ ಓಡಿಸಬೇಕಾದರೆ ಸೀಟನ್ನು ಮುಂದೆ ತಂದುಕೊಳ್ಳಲೇಬೇಕು. ತರುವ ಮೊದಲು ಬ್ರೇಕ್ ಪೆಡಲಿನಿಂದ ಸೀಟಿನ ಅಂಚಿಗೆ ಗೇಣು ಹಾಕಿ ಅಳೆದು, ಕಿಸೆಯ ಪುಸ್ತಕದಲ್ಲಿ ಗಾಡಿ ನಂಬರಿನ ಮುಂದೆ ಬರೆದುಕೊಳ್ಳುತ್ತಿದ್ದೆ. ವಾಪಸು ಕೊಡುವಾಗ ಮತ್ತೆ ಅಳೆದು ಅಷ್ಟೇ ಹಿಂದೆ ಸರಿಸಿ ಕೊಡುವುದು. ತನ್ನ ಗಾಡಿಯಲ್ಲಿ ಪರರು ಕೂತೆದ್ದು ಹೋದ ಹಾಗೆ ಮಾಲೀಕನಿಗೆ ಅನಿಸಬಾರದು. ಮ್ಯಾನೇಜರು ಇದನ್ನು ಕಂಡು ನಗುತ್ತಿದ್ದರು. "ಹೆಣಕ್ಕೆ ಅಳತೆ ತೆಗ್ದ ಹಾಂಗೆ ತೆಗಿತ್ಯಲ" ಎಂದು ಒಂದು ಸಲ ಅಂದದ್ದು ನನಗೆ ಆಮೇಲೆ ಬೇಡವೆಂದರೂ ನೆನಪಾಗುತ್ತಿತ್ತು.

ಹೈಬ್ರಿಡ್ ಗಾಡಿಗಳು ಬಂದ ಮೇಲೆ ನನ್ನ ವಿದ್ಯೆಯೆಲ್ಲ ತಲೆಕೆಳಗಾಯಿತು. ಈ ಗಾಡಿಯಲ್ಲಿ ಪೆಟ್ರೋಲ್ ಎಂಜಿನ್ನೂ ಇದೆ, ಬ್ಯಾಟರಿಯ ಮೋಟರೂ ಇದೆ. ಯಾವಾಗ ಯಾವುದು ಓಡಬೇಕೆಂದು ಗಾಡಿಯೇ ತೀರ್ಮಾನಿಸುತ್ತದೆ, ನಮ್ಮನ್ನು ಕೇಳುವುದಿಲ್ಲ. ನಿಧಾನವಾಗಿ ಹೋಗುವಾಗ ಎಂಜಿನ್ ಸುಮ್ಮನಿರುತ್ತದೆ, ಸಪ್ಪಳವೇ ಇಲ್ಲ. ಭಟ್ಕಳದ ಬಳಿಯ ತೆಂಗಿನಗುಂಡಿ ಬಂದರಿನಲ್ಲಿ ಮೀನಿನ ಬುಟ್ಟಿ ಇಟ್ಟುಕೊಂಡು ಕೂತಿದ್ದ ಹೆಂಗಸೊಬ್ಬಳ ಬೆನ್ನ ಹಿಂದೆಯೇ ಒಮ್ಮೆ ನಾನು ಗಾಡಿ ತಂದು ನಿಲ್ಲಿಸಿಬಿಟ್ಟೆ. ಅವಳು ತಿರುಗಿ ನೋಡಿ ಬುಟ್ಟಿಯನ್ನು ತಬ್ಬಿಕೊಂಡಳು. "ಸತ್ತವ್ರು ಬಂದಾಂಗೆ ಬತ್ತದಲ್ರೋ ಇದು. ಉಸ್ರಾದ್ರೂ ಬಿಡೂಕೆ ಹೇಳ್ರಿ ಅದ್ಕೆ" ಎಂದಳು. ನಾನು ನಕ್ಕು ಅವಳಿಂದ ಬಂಗುಡೆ ತೆಗೆದುಕೊಂಡು ಬಂದೆ.

ಮೈಲೇಜಿನ ಲೆಕ್ಕವೂ ಉಲ್ಟಾ. ಹಳೆಯ ಗಾಡಿಗಳು ಹೈವೇಯಲ್ಲಿ ಹೆಚ್ಚು ಕೊಡುತ್ತಿದ್ದವು, ಪೇಟೆಯಲ್ಲಿ ಕಡಿಮೆ. ಇದು ಕುಮಟಾ ಪೇಟೆಯ ಸಂದಿಯಲ್ಲಿ ತೆವಳುವವನಿಗೆ ಲೀಟರಿಗೆ ಇಪ್ಪತ್ತೈದು ಕೊಟ್ಟು, ಚತುಷ್ಪಥದಲ್ಲಿ ಹಾರಿಸಿಕೊಂಡು ಬರುವವನಿಗೆ ಹದಿನೇಳಕ್ಕೆ ನಿಲ್ಲುತ್ತಿತ್ತು. ದುಬೈಯಿಂದ ರಜೆಗೆ ಬಂದ ಭಟ್ಕಳದ ಒಬ್ಬ ಸಾಹೇಬರು ಈ ಮಾತಿಗೆ ನನ್ನನ್ನು ಹುಚ್ಚನೆಂದೇ ತಿಳಿದರು. "ನಾಯ್ಕ್ ಸಾಬ್, ಖಾಲಿ ರಸ್ತೇಲಿ ಕಮ್ಮಿ, ಟ್ರಾಫಿಕ್ಕಲ್ಲಿ ಜಾಸ್ತಿ? ಇದೆಂತ ಗಾಡಿನೋ ಭೂತನೋ?" ಎಂದರು. ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿ ತೋರಿಸಿದ ಮೇಲೆ ಒಪ್ಪಿದರು. ಹೀಗೆ ಒಂದೆರಡು ವರ್ಷದಲ್ಲಿ ನನಗೆ ಹೈಬ್ರಿಡ್ಡೆಲ್ಲ ತಿಳಿದುಹೋಯಿತು ಎಂಬ ಸೊಕ್ಕು ಬಂತು. ಕಾರ್ಡಿನ ಕೊನೆಯ ಸಾಲು ಮಾತ್ರ ಹಳೆಯದೇ ಉಳಿಯಿತು.

ಮಂಕಿಯ ಮಂಜುನಾಥ ನನಗೆ ಅತಿ ಇಷ್ಟದ ಗಿರಾಕಿ. ಗೇರುಸೊಪ್ಪೆಯಲ್ಲಿ ನೌಕರಿ. ದಿನವೂ ಮಂಕಿಯಿಂದ ಹೊಳೆ ದಂಡೆಯ ರಸ್ತೆಯಲ್ಲಿ ಹೋಗಿ ಬರುತ್ತಿದ್ದ. ಎತ್ತರದ ಆಳು, ಆದರೆ ಪೆಡಲಿನ ಮೇಲೆ ಅವನ ಕಾಲು ಹೂವಿನ ಹಾಗೆ. ಇಪ್ಪತ್ತಾರಕ್ಕಿಂತ ಕೆಳಗೆ ಅವನ ಗಾಡಿ ಇಳಿದದ್ದೇ ಇಲ್ಲ. ಮೊದಲ ಸರ್ವಿಸಿಗೆ ಬಂದಾಗ ನಾನು ಸೀಟಿಗೆ ಗೇಣು ಹಾಕುವುದನ್ನು ಕಂಡು, "ಅಷ್ಟೆಲ್ಲ ತ್ರಾಸು ಬೇಡ ನಾಯ್ಕರೆ, ಇದ್ಕೆ ನೆನಪು ಅದೆ" ಎಂದ. ಆ ಗಾಡಿಯ ಸೀಟು ತಾನೇ ಸರಿಯುವಂಥದ್ದು. ಎರಡು ಕೀಲಿಗಳಿದ್ದವು. ಅವನ ಕೀಲಿ ಒಳಗೆ ತಂದು ಗಾಡಿ ಚಾಲೂ ಮಾಡಿದರೆ ಸೀಟು ಗುಂಯ್ ಎಂದು ಅವನ ಅಳತೆಗೆ ಹಿಂದೆ ಹೋಗುತ್ತಿತ್ತು, ಹೆಂಡತಿಯ ಕೀಲಿ ತಂದರೆ ಅವಳ ಅಳತೆಗೆ ಮುಂದೆ ಬರುತ್ತಿತ್ತು. ನಾನು ಆದರೂ ಅಳೆದು ಬರೆದುಕೊಂಡೆ. ಗಾಡಿಯ ನೆನಪಿನ ಮೇಲೆ ನನಗೆ ಅಷ್ಟು ನಂಬಿಕೆ ಇರಲಿಲ್ಲ.

ಗಾಡಿ ತೆಗೆದುಕೊಂಡು ಎರಡು ವರ್ಷ ತುಂಬುವ ಮೊದಲೇ ಮಂಜುನಾಥ ತೀರಿಕೊಂಡ. ಎದೆನೋವೆಂದು ಬೆಳಿಗ್ಗೆ ಕೂತವನು ಏಳಲಿಲ್ಲ. ಸುದ್ದಿ ಕೇಳಿ ನನಗೆ ಒಂದು ದಿನ ಕೆಲಸ ಮಾಡಲಾಗಲಿಲ್ಲ.

ಆರೇಳು ತಿಂಗಳ ನಂತರ ಅವನ ಹೆಂಡತಿ ಶೈಲಾ ಬಂದಳು. ಮಂಕಿಯ ಶಾಲೆಯಲ್ಲೇ ಟೀಚರು, ಶಾಲೆಗೆ ನಡೆದೇ ಹೋಗುತ್ತಾಳೆ. ಗಾಡಿ ತೆಗೆಯುವುದು ಅತ್ತೆಯನ್ನು ಹೊನ್ನಾವರದ ಆಸ್ಪತ್ರೆಗೆ ಕರೆತರಲು, ಮತ್ತೆ ಭಾನುವಾರ ಒಮ್ಮೆ ಪೇಟೆಗೆ. ಅವಳ ಕೈಯಲ್ಲಿ ಒಂದು ಹಳೆಯ ಕ್ಯಾಲೆಂಡರಿನ ಹಾಳೆ ಇತ್ತು.

"ನಾಯ್ಕರೆ, ಗಾಡಿ ನಿಂತಲ್ಲೇ ಮೈಲೇಜು ಇಳಿತದೆ" ಎಂದಳು.

"ನಿಂತಲ್ಲೇ ಹೆಂಗೆ ಇಳಿತದೆ ಟೀಚರ್ರೆ? ಓಡಿದ್ರೆ ಅಲ್ದ ಮೈಲೇಜು?"

"ಅದ್ನೇ ನಾನು ಕೇಳೂದು. ನೋಡ್ರಿ, ಸೋಮವಾರ ಸಂಜೆ ಆಸ್ಪತ್ರೆಯಿಂದ ಬಂದು ನಿಲ್ಸಿದಾಗ ಹತ್ತೊಂಬತ್ತು ತೋರಿಸ್ತಿತ್ತು. ಮಂಗಳವಾರ ತೆಗಿಲೇ ಇಲ್ಲ. ಬುಧವಾರ ಸಂಜೆ ನೋಡ್ತೆ, ಹದಿನೆಂಟಕ್ಕೆ ಬಂದದೆ. ಶನಿವಾರ ಹದಿನಾರು."

ಅವಳು ಹಾಳೆಯ ಹಿಂಬದಿಯಲ್ಲಿ ದಿನ ದಿನದ್ದೂ ಮಕ್ಕಳ ಹಾಜರಿಯ ಹಾಗೆ ನೀಟಾಗಿ ಬರೆದಿದ್ದಳು. ನಾನು ಆ ಹಾಳೆಯನ್ನು ಕೈಯಲ್ಲಿ ಹಿಡಿದೆ, ಓದಲಿಲ್ಲ. ನೋಡುವಾಗ ತಪ್ಪಿರುತ್ತದೆ ಎಂದುಕೊಂಡೆ. ಗಂಡ ಹೋದ ಹೆಂಗಸು, ಮನಸ್ಸು ನೆಟ್ಟಗಿಲ್ಲ ಎಂದೂ ಅಂದುಕೊಂಡೆ. ಈಗ ಅದನ್ನು ಬರೆಯಲು ನಾಚಿಕೆಯಾಗುತ್ತದೆ.

ಅವಳು ದನಿ ತಗ್ಗಿಸಿ ಇನ್ನೊಂದು ಮಾತು ಹೇಳಿದಳು. "ದಿನಾ ಸಂಜೆ ದೀಪ ಹಚ್ಚೂ ಹೊತ್ತಿಗೆ ಅದು ತನ್ನಷ್ಟಕ್ಕೇ ಕಣ್ಣು ಬಿಡ್ತದೆ. ಎರಡೂ ಕನ್ನಡಿ ಕಿವಿ ನಿಮಿರ್ಸಿದ ಹಾಂಗೆ ಬಿಚ್ಕಳ್ತದೆ. ಹತ್ರ ಯಾರೂ ಇರೂದಿಲ್ಲ. ಇವ್ರು ಕೆಲ್ಸದಿಂದ ಮನೆಗೆ ಬರೂ ಹೊತ್ತದು."

ಇದು ನನಗೆ ಕುತೂಹಲ ಹುಟ್ಟಿಸಿತು. ಮಾರನೆಯ ದಿನ ಸಂಜೆ ಮಂಕಿಗೆ ಹೋದೆ. ಹೆದ್ದಾರಿಯಿಂದ ಸಮುದ್ರದ ಕಡೆ ಇಳಿಯುವ ದಾರಿಯಲ್ಲಿ ಚಿರೆಕಲ್ಲಿನ ಮನೆ. ಮನೆಯ ಗೋಡೆಗೆ ತಾಗಿಯೇ ಗಾಡಿಯ ಶೆಡ್ಡು, ಮೂರು ಕಡೆ ತೆರೆದದ್ದು. ಮಂಜುನಾಥನ ತಾಯಿ ಮಾದೇವಮ್ಮ ಊರುಗೋಲು ಹಿಡಿದು ಜಗಲಿಗೆ ಬಂದು ನನ್ನನ್ನು ನೋಡಿ, "ಆಸ್ರಿಗೆ ಕುಡಿತ್ರಾ?" ಎಂದಷ್ಟೇ ಕೇಳಿ, ಚಹಾ ಬೇಡವೆಂದಾಗ ಒಳಗೆ ಹೋದರು. ಶೈಲಾ ಮತ್ತು ನಾನು ಶೆಡ್ಡಿನಲ್ಲಿ ನಿಂತೆವು. ಗಾಡಿ ಕನ್ನಡಿ ಮಡಚಿಕೊಂಡು ಕಪ್ಪಗೆ ನಿಂತಿತ್ತು. ಒಳಗೆ ಗಂಟೆಯ ಸದ್ದು ಕೇಳಿತು. ಅಷ್ಟರಲ್ಲಿ ಎರಡೂ ಕನ್ನಡಿಗಳು ಮೆಲ್ಲಗೆ ಬಿಚ್ಚಿಕೊಂಡವು. ಬಾಗಿಲ ಬುಡದಲ್ಲಿ ದೀಪ ಹತ್ತಿ ನೆಲದ ಮೇಲೆ ಬೆಳಕು ಬಿತ್ತು. ಬಂದವರು ಹತ್ತಲಿ ಎಂದು ಕಾಯುವ ಹಾಗೆ ಗಾಡಿ ಅರ್ಧ ನಿಮಿಷ ಹಾಗೇ ಇದ್ದು ದೀಪ ಆರಿಸಿ ಕನ್ನಡಿ ಮಡಚಿತು. 

ಹೆದರಿಕೆಯನ್ನು ತೋರಿಸದೆ ಒಳಗೆ ಹೋಗಿ ನೋಡಿದೆ. ಶೆಡ್ಡಿನ ಗೋಡೆಯ ಆಚೆ ಬದಿಯೇ ದೇವರ ಗೂಡು. ಮಂಜುನಾಥನ ಕೀಲಿ ಕುಂಕುಮ ಹಚ್ಚಿಸಿಕೊಂಡು ದೇವರ ಮುಂದೆ ಕೂತಿತ್ತು. ಅದರ ಮೇಲೊಂದು ದಾಸವಾಳ. ನಮ್ಮಲ್ಲಿ ಹೊಸ ಗಾಡಿಯ ಕೀಲಿಯನ್ನು ದೇವರ ಮುಂದಿಟ್ಟು ತೆಗೆಯುತ್ತಾರೆ. ಮಾದೇವಮ್ಮ ಮಗ ಹೋದ ಮೇಲೆ ಕೀಲಿಯನ್ನು ಅಲ್ಲೇ ಇಟ್ಟುಬಿಟ್ಟಿದ್ದರು, ದಿನವೂ ಸಂಜೆ ಎತ್ತಿ ಒರೆಸಿ ಹೂ ಇಡುತ್ತಿದ್ದರು. ಈ ಕೀಲಿ ಅಲುಗದೆ ಇದ್ದರೆ ಮಲಗಿರುತ್ತದೆ, ಅಲುಗಿದರೆ ಎಚ್ಚರವಾಗುತ್ತದೆ. ಎಚ್ಚರವಾದ ಕೀಲಿ ಒಂದು ಮೊಳದ ಗೋಡೆಯಾಚೆ ನಿಂತ ಗಾಡಿಗೆ ಗೊತ್ತಾಗುತ್ತದೆ. ತನ್ನವನು ಬಂದನೆಂದು ಗಾಡಿ ಕಣ್ಣು ಬಿಡುತ್ತದೆ, ಅಷ್ಟೇ.

ನಾನು ಇದನ್ನು ಬಿಡಿಸಿ ಹೇಳಿದಾಗ ಶೈಲಾಳ ಮುಖ ಹಗುರವಾಯಿತು. ಮಾದೇವಮ್ಮ ಮಾತ್ರ "ಹಾಂಗಾರೆ ಅದ್ಕೂ ಗೊತ್ತಾತದೆ" ಎಂದು ಕೀಲಿಯನ್ನು ಮೊದಲಿನ ಜಾಗದಲ್ಲೇ ಇಟ್ಟರು. ಒಂದು ಒಗಟು ಬಿಡಿಸಿದ ಸೊಕ್ಕಿನಲ್ಲಿ ನಾನು ಇನ್ನೊಂದನ್ನು ಕೇಳಲೇ ಇಲ್ಲ. ಹೊರಡುವಾಗ ಬೇಡದ ಒಂದು ಬುದ್ಧಿಮಾತನ್ನೂ ಹೇಳಿದೆ. "ಸಮುದ್ರದ ಉಪ್ಪುಗಾಳಿಗೆ ಗಾಡಿ ತುಕ್ಕು ಹಿಡಿತದೆ ಟೀಚರ್ರೆ. ಈ ಶೆಡ್ಡನ್ನ ಎಲ್ಲಾ ಕಡೆ ಮುಚ್ಚಿಸ್ಬಿಡ್ರಿ." ಕರಾವಳಿಯ ಎಲ್ಲ ಮಾಲೀಕರಿಗೂ ಹೇಳುತ್ತಿದ್ದ ಮಾತದು. ಅವಳು ಹದಿನೈದು ದಿನದಲ್ಲಿ ತಗಡಿನ ಶೀಟು ಹೊಡೆಸಿ, ಮುಂದೆ ಶಟರು ಹಾಕಿಸಿದಳು. ಮನೆಯ ಒಳಗಿಂದ ಶೆಡ್ಡಿಗೆ ಒಂದು ಸಣ್ಣ ಬಾಗಿಲು ಮೊದಲೇ ಇತ್ತು.

ಮೈಲೇಜು ಇಳಿಯುವುದು ನಿಲ್ಲಲಿಲ್ಲ. ಹದಿಮೂರಕ್ಕೆ ಬಂತು. ಕ್ರಮದಂತೆ ಟ್ಯಾಂಕ್ ತುಂಬಿಸಿ, ಶೈಲಾಳನ್ನು ಕೂರಿಸಿಕೊಂಡು ಗೇರುಸೊಪ್ಪೆಗೆ ಹೋಗಿ ಬಂದೆ. ನನ್ನ ಕಾಲಿಗೆ ಇಪ್ಪತ್ತನಾಲ್ಕು ಬಂತು. ಆ ದಿನ ಎರಡು ಸಂಗತಿ ನನ್ನ ಕಣ್ಣಿಗೆ ಬಿದ್ದಿದ್ದವು. ಬ್ರೇಕ್ ಪೆಡಲಿನ ಮೇಲೆ ರೂಪಾಯಿಯಗಲದ ದುಂಡನೆಯ ಮಣ್ಣಿನ ಗುರುತಿತ್ತು. ಯಾವ ಚಪ್ಪಲಿಗೂ ಅಂಥ ಅಚ್ಚು ಇರುವುದಿಲ್ಲ. ಎರಡನೆಯದು, ದಾರಿಯಲ್ಲಿ ಶೈಲಾ ಹೇಳಿದ ಮಾತು: "ಅತ್ತೆಗೆ ಈಗೀಗ ಮಧ್ಯಾಹ್ನ ಕಳಿತಿದ್ದಾಂಗೆ ತಲೆನೋವು, ವಾಕರಿಕೆ. ಡಾಕ್ಟರು ಬೀಪಿ ಅಂತ್ರು. ಅದ್ಕೇ ಪದೇ ಪದೇ ಗಾಡಿ ತೆಗ್ಯೂಕಾಗ್ತದೆ." ನಾನು ಪೆಡಲಿನ ಗುರುತನ್ನು ಬಟ್ಟೆಯಿಂದ ಒರೆಸಿದೆ. ತಲೆನೋವಿಗೆ ಮುಲಾಮು ಹೇಳಿದೆ. ಕಾರ್ಡಿನಲ್ಲಿ ‘ಕಾರಣ: ಚಾಲಕರ ಅಭ್ಯಾಸ’ ಎಂದು ಬರೆದು ಕೊಟ್ಟೆ.

ಆ ಕಾರ್ಡು ಮಂಜುನಾಥನ ಅಣ್ಣ ಈಶ್ವರನ ಕೈಗೆ ಹೋಯಿತು. ಅವನದು ಭಟ್ಕಳದಲ್ಲಿ ಅಂಗಡಿ. ಓಡಿಸಲು ಬಾರದವರ ಕೈಯಲ್ಲಿ ತಮ್ಮನ ಗಾಡಿ ಹಾಳಾಗುತ್ತಿದೆ, ಮಾರಿಬಿಡುವುದು ಒಳ್ಳೆಯದು ಎಂದು ಮೊದಲಿನಿಂದಲೂ ಹೇಳುತ್ತಿದ್ದವನಿಗೆ ಈಗ ಬರಹದಲ್ಲೇ ಆಧಾರ ಸಿಕ್ಕಿತು. ಗಿರಾಕಿಯನ್ನೂ ಹುಡುಕಿದ. ಶೈಲಾ ನನಗೆ ಫೋನು ಮಾಡಿದಳು.

"ನಿಮ್ಮ ಒಂದು ಸಾಲಿಂದ ಗಾಡಿ ಹೋಗ್ತದೆ ನಾಯ್ಕರೆ. ಬರೂ ಸೋಮವಾರ ಬಂದು ತಕಂಡು ಹೋಗ್ತ್ರಂತೆ. ಅತ್ತೆ ಕೇಳ್ದಾಗಿಂದ ಅನ್ನ ಬಿಟ್ಟಾರೆ. ನನ್ನ ಕಾಲು ಅಷ್ಟು ಕೆಟ್ಟದಾ?"

ಕೆಟ್ಟದಲ್ಲ ಎಂದು ಹೇಳಲು ನನ್ನಲ್ಲಿ ಕಾರಣವಿರಲಿಲ್ಲ. ಇನ್ನೊಮ್ಮೆ ಗಾಡಿ ನೋಡುತ್ತೇನೆ ಎಂದು ಹೇಳಿ ಫೋನ್ ಇಟ್ಟೆ.

ಆ ಶುಕ್ರವಾರ ಮಧ್ಯಾಹ್ನ ಕುಮಟಾದ ನಿವೃತ್ತ ಪೋಸ್ಟ್ ಮಾಸ್ತರೊಬ್ಬರು ಕರೆಸಿದರು. ಅವರದೂ ಅದೇ ಗಾಡಿ. ತಾವು ಊಟಕ್ಕೆ ಕೂತಿದ್ದಾಗ ಅಂಗಳದಲ್ಲಿದ್ದ ಗಾಡಿ ತನ್ನಷ್ಟಕ್ಕೆ ಚಾಲೂ ಆಯಿತಂತೆ. ಅವರ ಹೆಂಡತಿ ಗಾಡಿಗೆ ನಿಂಬೆಹಣ್ಣು ಇಳಿ ತೆಗೆದು ಮುಗಿಸಿದ್ದರು. ನಾನು ಹೋಗಿ ನೋಡಿದರೆ ವಿಷಯ ಸುಲಭ. ಮಾಸ್ತರು ಗುಂಡಿ ಒತ್ತಿ ಗಾಡಿ ಬಂದ್ ಮಾಡಿರಲಿಲ್ಲ. ಸಪ್ಪಳ ಇಲ್ಲದ್ದರಿಂದ ಬಂದ್ ಆಗಿದೆ ಎಂದು ತಿಳಿದು ಇಳಿದು ಹೋಗಿದ್ದರು. ಅದು ಬೀಪ್ ಬೀಪ್ ಎಂದು ಕೂಗಿದ್ದು ಅವರ ಮಂದ ಕಿವಿಗೆ ಬಿದ್ದಿರಲಿಲ್ಲ. ಒಳಗೆ ಏಸಿ ಓಡುತ್ತಲೇ ಇತ್ತು. ಬ್ಯಾಟರಿ ಇಳಿದಾಗ ಅದನ್ನು ತುಂಬಲು ಎಂಜಿನ್ ತಾನೇ ಎದ್ದಿತ್ತು.

"ಗಂಟೆಗಟ್ಲೆ ಹೀಂಗೇ ಇತ್ತಾ?" ಎನ್ನುತ್ತಾ ಡ್ಯಾಶ್ ಬೋರ್ಡ್ ನೋಡಿದೆ. ಇಪ್ಪತ್ತೊಂದು ಪಾಯಿಂಟ್ ಮೂರು ಇದ್ದ ಸರಾಸರಿ ಮೈಲೇಜು ನನ್ನ ಕಣ್ಣೆದುರೇ ಇಪ್ಪತ್ತೊಂದು ಪಾಯಿಂಟ್ ಎರಡಾಯಿತು. ಗಾಡಿ ಒಂದಂಗುಲವೂ ಸರಿದಿರಲಿಲ್ಲ.

ಶೈಲಾಳ ಕ್ಯಾಲೆಂಡರ್ ಹಾಳೆ ನೆನಪಾಯಿತು. ಅದರ ಹಿಂದೆಯೇ ಪೆಡಲಿನ ಮೇಲಿನ ದುಂಡು ಗುರುತು. ಬ್ರೇಕ್ ಅದುಮಿಕೊಂಡು ಗುಂಡಿ ಒತ್ತದೆ ಈ ಗಾಡಿ ಚಾಲೂ ಆಗುವುದಿಲ್ಲ. ಅದು ಊರುಗೋಲಿನ ಬುಡದ ರಬ್ಬರಿನ ಅಚ್ಚು. ಆಮೇಲೆ ಮಧ್ಯಾಹ್ನದ ತಲೆನೋವು, ನಾನೇ ಮುಚ್ಚಿಸಿದ ಶೆಡ್ಡು. ಎಂಜಿನ್ನಿನ ಹೊಗೆಯಲ್ಲಿ ಬಣ್ಣವಿಲ್ಲದ, ವಾಸನೆಯಿಲ್ಲದ ಒಂದು ವಿಷಗಾಳಿ ಇರುತ್ತದೆ. ಮುಚ್ಚಿದ ಜಾಗದಲ್ಲಿ ಅದು ಮೊದಲು ತಲೆನೋವು ಕೊಡುತ್ತದೆ, ಆಮೇಲೆ ನಿದ್ದೆ. ಆ ನಿದ್ದೆಯಿಂದ ಏಳುವುದು ಕಷ್ಟ. ಪೋಸ್ಟ್ ಮಾಸ್ತರರಿಗೆ ಹೇಳದೆ ಕೇಳದೆ ಬೈಕು ಹತ್ತಿದೆ. ನಿಂತು ಎರಡು ಸಲ ಶೈಲಾಳಿಗೆ ಫೋನು ಮಾಡಿದೆ. ಪಾಠದ ಹೊತ್ತು, ಎತ್ತಲಿಲ್ಲ. ಕುಮಟಾದಿಂದ ಮಂಕಿಯವರೆಗಿನ ದಾರಿ ನನ್ನ ಜೀವನದಲ್ಲಿ ಅಷ್ಟು ಉದ್ದ ಯಾವತ್ತೂ ಆಗಿರಲಿಲ್ಲ.

ಮನೆಯಂಗಳದಲ್ಲಿ ಬಿಸಿಲು ಸುರಿಯುತ್ತಿತ್ತು, ಒಂದು ಕಾಗೆಯೂ ಕೂಗುತ್ತಿರಲಿಲ್ಲ. ಶಟರಿಗೆ ಕಿವಿ ಕೊಟ್ಟೆ. ಏನೂ ಇಲ್ಲ. ತಡವಾಯಿತೆಂದುಕೊಂಡೆ. ಆಗ, ಕೈಯಿಟ್ಟಿದ್ದ ತಗಡು ಸಣ್ಣಗೆ ನಡುಗಿತು. ಒಳಗೆ ಎಂಜಿನ್ ತಾನಾಗಿ ಎದ್ದಿತ್ತು.

ಶಟರಿಗೆ ಒಳಗಿಂದ ಚಿಲಕ. ಮನೆಯೊಳಗಿಂದ ಓಡಿ ಸಣ್ಣ ಬಾಗಿಲು ತಳ್ಳಿದೆ. ಬಿಸಿ ಗಾಳಿ ಮುಖಕ್ಕೆ ಬಡಿಯಿತು. ಎಡಗಡೆ ಸೀಟಿನಲ್ಲಿ ಮಾದೇವಮ್ಮ ಒರಗಿದ್ದರು, ಮಡಿಲಲ್ಲಿ ಕುಂಕುಮದ ಕೀಲಿ, ಕೀಲಿಯ ಮೇಲೆ ದಾಸವಾಳ. ಚಾಲಕನ ಸೀಟು ಬಹಳ ಹಿಂದೆ ಸರಿದು, ಎತ್ತರದ ಆಳೊಬ್ಬ ಕೂತಿರುವ ಹಾಗೆ ಜಾಗ ಬಿಟ್ಟುಕೊಂಡಿತ್ತು. ಅವರ ಮುಖ ಆ ಖಾಲಿ ಸೀಟಿನ ಕಡೆ ತಿರುಗಿತ್ತು, ತುಟಿಯಲ್ಲಿ ನಗು ಇತ್ತು. ಸತ್ತೇಹೋಗಿದ್ದಾರೆ ಎಂದುಕೊಂಡೆ.

ಗುಂಡಿ ಒತ್ತಿ ಬಂದ್ ಮಾಡಿ, ಶಟರು ಎತ್ತಿ, ಅವರನ್ನು ಎತ್ತಿಕೊಂಡು ಜಗಲಿಗೆ ತಂದೆ. ಪಕ್ಕದ ಮನೆಯವರು ಓಡಿಬಂದರು. ಗಾಳಿ ತಾಗಿ ಹತ್ತು ನಿಮಿಷಕ್ಕೆ ಕಣ್ಣು ಬಿಟ್ಟರು. ಸಿಕ್ಕ ರಿಕ್ಷಾದಲ್ಲಿ ಆಸ್ಪತ್ರೆಗೆ ಕಳಿಸಿದೆವು. ಇನ್ನೂ ಅರ್ಧ ಗಂಟೆ ಹೋಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರಂತೆ. ಯಾರೂ ಮತ್ತೆ ಚಾಲೂ ಮಾಡಬಾರದೆಂಬ ಹೆದರಿಕೆಯಲ್ಲಿ ನಾನು ಬಾನೆಟ್ ತೆಗೆದು, ಗಾಡಿ ಚಾಲೂ ಮಾಡಲೆಂದೇ ಇರುವ ಸಣ್ಣ ಬ್ಯಾಟರಿಯ ವಾಯರನ್ನು ಕಿತ್ತಿಟ್ಟೆ. ಅದೂ ಒಂದು ತಪ್ಪೆಂದು ಮರುದಿನ ತಿಳಿಯಿತು.

ಮರುದಿನ ಮಾದೇವಮ್ಮ ಮನೆಗೆ ಬಂದಿದ್ದರು. ಶೈಲಾ, ಭಟ್ಕಳದಿಂದ ಬಂದ ಈಶ್ವರ, ನಾನು ಎದುರಿಗೆ ಕೂತೆವು. ಮುದುಕಿ ಕದ್ದು ಸಿಕ್ಕಿಬಿದ್ದವರ ಹಾಗೆ ತಲೆ ತಗ್ಗಿಸಿದ್ದರು.

"ಸೆಕೆ ಆದ್ರೆ ಗಾಡೀಲಿ ಕೂತ್ಕೊ ಅಬ್ಬೆ ಅಂತ ಅವನೇ ಕಲ್ಸಿದ್ದ" ಎಂದರು. "ಕೋಲಲ್ಲಿ ಅದ್ನ ಅದುಮೂದು, ಗುಂಡಿ ಒತ್ತೂದು. ಅವ ಹೋದ್ಮೇಲೆ ಒಂದಿನ ಒತ್ತಿದೆ. ಸೀಟು ಹಿಂದೆ ಹೋತು. ಅವ ಕೂತ್ಕಳ್ಳೂಕೆ ಮುಂಚೆ ಹೋಗ್ತಿತ್ತಲ, ಹಾಂಗೇ. ನಂಗೆ ಅವ ಇಲ್ಲ ಅಂತ ಗೊತ್ತದೆ. ಆದ್ರೂ ಸೀಟು ಹೋಗ್ತದಲ. ದಿನಾ ಹೋಗಿ ಪಕ್ಕದಲ್ಲಿ ಕೂತ್ಕಂಡೆ."

ಶೈಲಾ ಅಳತೊಡಗಿದಳು. "ನಂಗೆ ಹೇಳೂಕಾಗ್ಲಿಲ್ವ ಅತ್ತೆ?" ಎಂದಳು. ಈಶ್ವರ ಎದ್ದು ಅಂಗಳಕ್ಕೆ ಹೋದ. ಗಿರಾಕಿಗೆ ಫೋನು ಮಾಡಿ, ಗಾಡಿ ಕೊಡೂದಿಲ್ಲ ಮಾರಾಯಾ, ಬೇರೆ ನೋಡ್ಕ ಎನ್ನುವುದು ಕೇಳಿಸಿತು.

ನಾನು ಶಟರನ್ನೂ ಎರಡು ಕಡೆಯ ಶೀಟುಗಳನ್ನೂ ಬಿಚ್ಚಿಸಿದೆ. ವಾಯರು ಜೋಡಿಸಿದ ಮೇಲೆ ಶೈಲಾ ಗುಂಡಿಯಿಂದ ಸೀಟು ಮುಂದೆ ತಂದುಕೊಂಡು ಗಾಡಿಯನ್ನು ಅಂಗಳಕ್ಕೆ ತೆಗೆದು ವಾಪಸು ನಿಲ್ಲಿಸಿದಳು. ಇನ್ನು ಮುಂದೆ ತೆರೆದ ಶೆಡ್ಡಿನಲ್ಲಿ, ಶೈಲಾ ಮನೆಯಲ್ಲಿದ್ದಾಗ ಮಾತ್ರ, ಸ್ವಲ್ಪ ಹೊತ್ತು ಎಂದು ಮಾದೇವಮ್ಮನಿಂದ ಮಾತು ತೆಗೆದುಕೊಂಡೆ. ಅವರು ಒಪ್ಪಿ, ಕೀಲಿ ತಂದು, ಕೋಲಿನಿಂದ ಪೆಡಲು ಅದುಮಿ ಗುಂಡಿ ಒತ್ತಿದರು. ದೀಪಗಳು ಹತ್ತಿದವು. ಸೀಟು ಅಲುಗಲಿಲ್ಲ. ಅವರು ಕಾದರು. ಇನ್ನೊಮ್ಮೆ ಒತ್ತಿದರು.

"ಇವತ್ತು ಬರ್ಲಿಲ್ಲ" ಎಂದರು.

ವಾಯರು ಕಿತ್ತಾಗ ಸೀಟಿನ ನೆನಪು ಅಳಿಸಿಹೋಗಿತ್ತು. ಆ ತಾಯಿಯ ಮಗನನ್ನು ಎರಡನೆಯ ಸಲ ಸಾಯಿಸಿದವನು ನಾನೇ ಎಂದು ನನಗೆ ಅನಿಸಿತು. ಭೂಮಿ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ. ನಿಜ ಹೇಳಿದೆ. ಸೀಟಿನ ನೆನಪನ್ನು ಮತ್ತೆ ಕೂರಿಸಬಹುದು, ಅವನ ಅಳತೆ ಬೇಕು, ಮೊದಲ ಸರ್ವಿಸಿನಲ್ಲಿ ಬರೆದುಕೊಂಡಿದ್ದೆ, ಆದರೆ ಆ ಹಳೆಯ ಪುಸ್ತಕ ನನ್ನ ಮನೆಯಲ್ಲಿದೆ, ತರುತ್ತೇನೆ ಎಂದೆ.

"ಪುಸ್ತಕ ಎಂತಕೆ?" ಎಂದು ಮಾದೇವಮ್ಮ ಸುತ್ತು ಹಾಕಿ ಹೋಗಿ ಎಡಗಡೆ ಸೀಟಿನಲ್ಲಿ ಕೂತರು. ಶೈಲಾ ಚಾಲಕನ ಬಾಗಿಲ ಬಳಿ ಬಗ್ಗಿ ಸೀಟಿನ ಗುಂಡಿ ಹಿಡಿದಳು. ಮುದುಕಿ ಖಾಲಿ ಸೀಟಿನಲ್ಲಿ ಕಣ್ಣು ನೆಟ್ಟರು. ಮಂದ ಕಣ್ಣು, ನನ್ನ ಮುಖವೇ ಅವರಿಗೆ ಸರಿಯಾಗಿ ಕಾಣುತ್ತಿರಲಿಲ್ಲ.

"ಹಿಂದೆ ತಕ. ಇನ್ನೂ. ಇನ್ನೊಂಚೂರು. ಹಾಂ, ಹೆಚ್ಚಾತು. ಕೂದಲೆಳೆಯಷ್ಟು ಮುಂದೆ." ಅವರು ಗಾಳಿಯಲ್ಲಿ ಕೈ ಎತ್ತಿ, ಯಾರದೋ ಭುಜದ ಮೇಲಿಡುವ ಹಾಗೆ ಇಟ್ಟು ತಡೆದರು. ಆ ಕೈ ಅಲ್ಲೇ ನಿಂತಿತು, ಕೆಳಗೆ ಬೀಳಲಿಲ್ಲ. "ಈಗ ಆತು. ಇಲ್ಲೇ ಅವ."

ನಾನು ಮಂಜುನಾಥನ ಕೀಲಿಗೆ ಆ ಅಳತೆಯನ್ನು ಸೇರಿಸಿದೆ. ಹೊರಡುವ ಮೊದಲು, ಅಭ್ಯಾಸಬಲ, ಪೆಡಲಿನಿಂದ ಸೀಟಿನಂಚಿಗೆ ಗೇಣು ಹಾಕಿದೆ. ಎರಡು ಗೇಣು, ಮೂರು ಬೆರಳು. ಮನೆಗೆ ಬಂದು ಹಳೆಯ ಪುಸ್ತಕ ಹುಡುಕಿ, ಮಂಜುನಾಥನ ಗಾಡಿ ನಂಬರಿನ ಪುಟ ತೆಗೆದೆ. ಎರಡು ಗೇಣು, ಮೂರು ಬೆರಳು ಎಂದೇ ಇತ್ತು.  

ಹಳೆಯ ಜಾಬ್ ಕಾರ್ಡನ್ನು ಹರಿದು ಹೊಸದು ಬರೆದುಕೊಟ್ಟೆ. ‘ಚಾಲಕಿಯ ಕಾಲಿನಲ್ಲಿ ದೋಷವಿಲ್ಲ. ಹಿಂದಿನ ವರದಿ ನನ್ನ ತಪ್ಪು.’ ಮ್ಯಾನೇಜರು ಓದಿ, ತಪ್ಪು ಎಂದು ಬರಹದಲ್ಲಿ ಒಪ್ಪಿಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ ಎಂದರು. ಇನ್ನು ಮೇಲೆ ಇರಲಿ ಎಂದೆ. ಅದರ ನಂತರ ‘ಚಾಲಕರ ಅಭ್ಯಾಸ’ ಎಂಬ ಸಾಲನ್ನು ನಾನು ಮತ್ತೆ ಬರೆಯಲಿಲ್ಲ. ನೀವೂ ಬರೆಯಬೇಡಿ. ಬರೆಯಲೇಬೇಕಾದರೆ ಗಾಡಿ ನಿಂತಿರುವಾಗ ಅದರೊಳಗೆ ಯಾರು ಕೂರುತ್ತಾರೆ ಎಂದು ಮೊದಲು ಕೇಳಿ.

ನಿವೃತ್ತಿಗೆ ಒಂದು ವಾರ ಇರುವಾಗ ಆ ಗಾಡಿ ಕೊನೆಯ ಸಲ ನನ್ನ ಕೈಗೆ ಸರ್ವಿಸಿಗೆ ಬಂತು. ಮೈಲೇಜು ಹದಿನೈದು, ಮೂರು ತಾಲೂಕಿನಲ್ಲಿ ಆಗ ಓಡುತ್ತಿದ್ದ ಹೈಬ್ರಿಡ್‌ಗಳಲ್ಲೇ ಕಡಿಮೆ. ಸರ್ವಿಸ್ ಮುಗಿದ ಮೇಲೆ ಮಾಲೀಕರಿಂದ ತೃಪ್ತಿಯ ಫಾರಂ ತುಂಬಿಸಬೇಕು, ಒಂದರಿಂದ ಹತ್ತರೊಳಗೆ ಅಂಕ. ಶೈಲಾ ಪೆನ್ನು ತೆಗೆದುಕೊಳ್ಳಲಿಲ್ಲ. "ಗಾಡಿ ಈಗ ಅತ್ತೆದು ನಾಯ್ಕರೆ. ಅವ್ರನ್ನೇ ಕೇಳ್ರಿ" ಎಂದಳು.

ಮಾದೇವಮ್ಮ ಎಡಗಡೆ ಸೀಟಿನಲ್ಲೇ ಕೂತಿದ್ದರು. ನಾನು ಕಿಟಕಿಯ ಬಳಿ ಬಗ್ಗಿ, ಈ ಗಾಡಿ ನಿಮಗೆ ಎಷ್ಟು ತೃಪ್ತಿ ಕೊಟ್ಟಿದೆ, ಒಂದು ಅಂದರೆ ಏನೂ ಇಲ್ಲ, ಹತ್ತು ಅಂದರೆ ಪೂರಾ ಎಂದು ಬಿಡಿಸಿ ಹೇಳಿದೆ. ಅವರು ಪಕ್ಕದ ಖಾಲಿ ಸೀಟನ್ನು ಒಮ್ಮೆ ನೋಡಿದರು, ಅಲ್ಲಿ ಯಾರೊಡನೆಯೋ ಕೇಳಿಕೊಂಡವರ ಹಾಗೆ.

"ಹತ್ತರ ಮೇಲೆ ಇಲ್ವಾ?" ಎಂದರು.

ಫಾರಂನಲ್ಲಿ ಅದಕ್ಕೆ ಜಾಗವಿರಲಿಲ್ಲ. ಹತ್ತಕ್ಕೆ ಗುರುತು ಹಾಕಿ, ಅವರ ಹೆಬ್ಬೆಟ್ಟು ಒತ್ತಿಸಿಕೊಂಡೆ.